ನಾಲ್ಕು ಬೆರಳು ಖಾಲಿ ಜಾಗ

ಊರವರ ಕಾಗದದಲ್ಲೆಲ್ಲ ಖಾಲಿ ಜಾಗ ಕಂಡಲ್ಲಿ ಗೆರೆ ಎಳೆದು ಮುಚ್ಚುತ್ತಿದ್ದ ಮನುಷ್ಯ, ನನ್ನ ಕಾಗದದಲ್ಲಿ ಮಾತ್ರ ನಾಲ್ಕು ಬೆರಳಗಲ ಖಾಲಿ ಬಿಟ್ಟು ಅದರ ಮೇಲ್ಗಡೆ ನನ್ನ ಸಹಿ ಹಾಕಿಸಿಕೊಂಡ. ಇದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುತ್ತದೆ. ಆಮೇಲೆ ಏನೇನೋ ತಿಳಿಯಿತು, ಹೇಳುತ್ತೇನೆ. ತಿಳಿದ ಮೇಲೂ ಉರಿ ಪೂರ್ತಿ ಆರಿಲ್ಲ. ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅವನು ಎಂದೆ. ಅವರು ಎನ್ನಬೇಕು. ಹನ್ನೊಂದು ವರ್ಷ ಅವನು ಎಂದು ಬೈದ ನಾಲಿಗೆ ತಟ್ಟನೆ ತಿರುಗುವುದಿಲ್ಲ.

ತಾಲೂಕು ಕಚೇರಿಯ ಹೊರಮೆಟ್ಟಿಲ ಕೆಳಗೆ, ಸೈಕಲ್ ನಿಲ್ಲಿಸುವ ಜಾಗಕ್ಕೂ ನೀರಿನ ಡ್ರಮ್ಮಿಗೂ ನಡುವೆ, ಅವರು ಅರ್ಜಿ ಬರೆಯುತ್ತ ಕೂರುತ್ತಿದ್ದರು. ನಾಲ್ಕು ಇಟ್ಟಿಗೆ, ಮೇಲೊಂದು ಹಲಗೆ, ಹಲಗೆಯ ಮೇಲೆ ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ತಮ್ಮ ಪರವಾನಗಿ ಚೀಟಿ ಅಂಟಿಸಿದ್ದರು. ಪೆಟ್ಟಿಗೆ ತೆರೆದರೆ ಬಂದವರಿಗೆ ಮೊದಲು ಕಾಣುತ್ತಿದ್ದುದು ಅದೇ. ಕನ್ನಡಕದ ಒಂದು ಕಾಲು ಮುರಿದು, ಅದರ ಬದಲಿಗೆ ದಾರ ಕಟ್ಟಿದ್ದರು. ತಲೆಯ ಮೇಲೆ ಜನ ಹತ್ತಿಳಿಯುವ ಸದ್ದು ಬೆಳಗಿಂದ ಸಂಜೆವರೆಗೆ. ಹೆಜ್ಜೆ ಸದ್ದಿನಲ್ಲೇ ಯಾರ ಕೆಲಸ ಆಯಿತು, ಯಾರ ಕಾಗದ ವಾಪಸು ಬಂತು ಎಂದು ಹೇಳುತ್ತಿದ್ದರಂತೆ. ವಾಪಸು ಬಂದವರೆಲ್ಲ ಬೇರೆಯವರ ಹತ್ತಿರ ಬರೆಸಿದವರು. ತಾವು ಬರೆದದ್ದು ಒಂದೂ ವಾಪಸು ಬಂದಿಲ್ಲ ಎಂಬ ಜಂಬ ಅವರಿಗಿತ್ತು.

ಒಂದು ಸಾಲು ಅಂಚಿನವರೆಗೆ ಮುಟ್ಟದೆ ಮುಗಿದರೆ, ಅಲ್ಲಿಂದ ಅಂಚಿಗೆ ಒಂದು ಗೆರೆ. ಸಹಿಯ ಕೆಳಗೆ ಜಾಗ ಉಳಿದರೆ ಅಡ್ಡಡ್ಡ ಎರಡು ಗೆರೆ. ಟೀ ಅಂಗಡಿಯವನು ಬರೆದುಕೊಟ್ಟ ಚೀಟಿಯನ್ನೂ ಗೆರೆ ಎಳೆದೇ ವಾಪಸು ಕೊಡುತ್ತಿದ್ದರು. ಯಾಕೆ ಎಂದರೆ, "ಖಾಲಿ ಜಾಗ ಅಂದ್ರೆ ತೆಗೆದಿಟ್ಟ ಬಾಗಿಲು. ನಾಯೀನೂ ಬರತ್ತೆ, ಕಳ್ಳನೂ ಬರ್ತಾನೆ" ಎನ್ನುತ್ತಿದ್ದರು. ಊರು ಅವರಿಗೆ ಅಡ್ಡಗೆರೆ ಎಂದು ಹೆಸರಿಟ್ಟಿತ್ತು. ಎದುರಿಗೆ ಯಜಮಾನ್ರೇ, ಹಿಂದೆ ಅಡ್ಡಗೆರೆ.

ನನ್ನದು ವೆಲ್ಡಿಂಗ್ ಶೆಡ್ಡು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಚ್ಚಿನ ಅಕ್ಷರ ನಿಧಾನವಾಗಿ ಓದುತ್ತೇನೆ. ಕಚೇರಿಯವರು ಕೂಡಿಸಿ ಬರೆಯುವ ಅಕ್ಷರ ನನಗೆ ಇರುವೆ ಸಾಲು. ಊರು ನನಗೂ ಒಂದು ಹೆಸರು ಇಟ್ಟಿದೆ, ಕಿಡಿ ಅಂತ. ಕೆಲಸ ನೋಡಿ ಇಟ್ಟದ್ದೋ ಸ್ವಭಾವ ನೋಡಿ ಇಟ್ಟದ್ದೋ ಕೇಳಲು ಹೋಗಿಲ್ಲ.

ನನ್ನ ಶೆಡ್ಡಿಗೂ ಪಕ್ಕದ ಬಡಗಿಯ ಶೆಡ್ಡಿಗೂ ನಡುವೆ ನಾಲ್ಕಡಿ ಅಗಲದ ಓಣಿ. ಇಪ್ಪತ್ತಡಿ ಉದ್ದದ ಪೈಪು ರಸ್ತೆಯಿಂದ ಒಳಗೆ ಬರಬೇಕಾದರೆ ಆ ಓಣಿಯಲ್ಲೇ ನೇರ ಬರಬೇಕು. ಪೈಪು ಬಗ್ಗುವುದಿಲ್ಲ, ತಿರುಗುವುದಿಲ್ಲ. ಓಣಿ ಮುಚ್ಚಿದರೆ ನನ್ನ ಶೆಡ್ಡು ಗೋದಾಮೂ ಅಲ್ಲ, ಗುಜರಿ. ಬಡಗಿ ಅಲ್ಲಿ ಹಲಗೆ ಒಣಗಿಸಲು ಇಡುತ್ತಿದ್ದ. ನನ್ನ ಪೈಪಿಗೆ ಹಲಗೆ ಅಡ್ಡ ಅಂತ ನಾನು. ನನ್ನ ಕಿಡಿ ಅವನ ಮರದ ಹೊಟ್ಟಿಗೆ ಬೀಳುತ್ತದೆ ಅಂತ ಅವನು. ಒಂದು ದಿನ ಮಾತಿಗೆ ಮಾತು ಬೆಳೆದು ತಳ್ಳಿಬಿಟ್ಟೆ. ಬೀಳುವಾಗ ಕೈ ಊರಿದ, ಮಣಿಕಟ್ಟು ಮುರಿಯಿತು. ಬಲಗೈ. ಉಳಿ ಹಿಡಿಯುವ ಕೈ.

ಠಾಣೆಯವರು ನನ್ನನ್ನು ಕಚೇರಿಗೆ ಕರೆತಂದರು. ಅಲ್ಲಿನ ಸಾಹೇಬರು ತಲೆ ಎತ್ತದೆ ಹೇಳಿದರು: "ಒಂದು ವರ್ಷಕ್ಕೆ ಮುಚ್ಚಳಿಕೆ ಬರೆದುಕೊಡು. ಜೊತೆಗೆ ಒಬ್ಬ ಜಾಮೀನುದಾರ ಬೇಕು. ಐದು ಗಂಟೆಯೊಳಗೆ ಬಂದ್ರೆ ಮನೆಗೆ. ಇಲ್ದಿದ್ರೆ ಒಳಗೆ."

ಜಾಮೀನಿಗೆ ನನ್ನ ಹೆಂಡತಿಯ ಅಣ್ಣನಿಗೆ ಹೇಳಿ ಕಳಿಸಿದೆ. ಭಾವ "ಬಂದೆ ಅಂತ ಹೇಳು" ಅಂದರಂತೆ. ಪೊಲೀಸಿನವನು ನನ್ನನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದ.

"ಏನಪ್ಪಾ ಕಿಡಿ, ಯಾರನ್ನ ಸುಟ್ಟೆ?" ಎಂದರು ಅಡ್ಡಗೆರೆ, ಛಾಪಾ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತ.

"ಸುಟ್ಟಿಲ್ಲ. ತಳ್ಳಿದೆ."

"ಅದನ್ನ ನಾನು ಬರೆಯಲ್ಲ."

"ಯಾಕ್ರೀ ಬರೆಯಲ್ಲ? ಮುಚ್ಚಳಿಕೆ ಅಂದ್ರೆ ತಪ್ಪೊಪ್ಪಿಗೆ ತಾನೇ? ಬರ್ಕೊಳ್ಳಿ. ನಾಳೆ ಅದನ್ನೇ ಹಿಡ್ಕೊಂಡು ನನ್ನ ಕುತ್ತಿಗೆಗೆ ಬರೋದು ನನಗೇನು ಗೊತ್ತಿಲ್ವಾ?"

"ಗೊತ್ತಿಲ್ಲ ನಿನಗೆ. ತಪ್ಪೊಪ್ಪಿಗೆ ಹಿಂದಾದದ್ದಕ್ಕೆ. ಮುಚ್ಚಳಿಕೆ ಮುಂದಾಗೋದಕ್ಕೆ. ನೀನು ಏನು ಮಾಡಿದೆ ಅನ್ನೋದು ಇದಕ್ಕೆ ಬೇಕಾಗಿಲ್ಲ. ಏನು ಮಾಡಲ್ಲ ಅನ್ನೋದು ಬೇಕು."

ಬರೆಯುತ್ತ ಬರೆಯುತ್ತ ಹೇಳಿದರು. ಇದು ನಮ್ಮ ಕಡೆ ಹುಟ್ಟಿದ ಮಾತಲ್ಲವಂತೆ. ಮಡಕೆಯ ಮುಚ್ಚಳಕ್ಕೂ ಇದಕ್ಕೂ ಸಂಬಂಧ ಇಲ್ಲವಂತೆ. ಎಲ್ಲೋ ದೂರದ ತುರ್ಕರ ನಾಡಿನದು, ಕುದುರೆಯ ಮೇಲೆ ಬಂದದ್ದು. ಅಲ್ಲಿಂದ ಪಾರಸಿ ಬರೆಯುವವರ ದಫ್ತರಕ್ಕೆ ಇಳಿಯಿತು, ದಫ್ತರದಿಂದ ಹೊಲಗದ್ದೆಗೆ.

"ಒಡೆಯ ಉಳೋನಿಗೆ ಪಟ್ಟೆ ಬರೆದುಕೊಡೋನು, ಈ ನೆಲ ನಿನಗೆ ಕೊಟ್ಟಿದ್ದೀನಿ ಅಂತ. ಉಳೋನು ತಿರುಗಿ ಮುಚ್ಚಳಿಕೆ ಬರೆದುಕೊಡೋನು, ನಾನು ಹೀಗ್ಹೀಗೆ ನಡ್ಕೋತೀನಿ ಅಂತ. ಒಂದು ಕೊಡೋ ಕೈ, ಒಂದು ತಗೊಳೋ ಕೈ. ಎರಡೂ ಸೇರಿದ್ರೆ ಒಂದು ಕರಾರು. ಆಮೇಲೆ ಪಟ್ಟೆ ಒಂದು ದಾರಿ ಹಿಡೀತು, ಮುಚ್ಚಳಿಕೆ ಒಂದು ದಾರಿ. ಈಗ ಠಾಣೆಯೋರ ಬಾಯಲ್ಲಿ ಉಳ್ಕೊಂಡಿದೆ."

"ಹಾಗಾದ್ರೆ ನಾನು ಇದನ್ನ ಕೊಟ್ರೆ ನನಗೇನು ಕೊಡ್ತಾರೆ?"

"ನಿನ್ನನ್ನ ನಿನಗೇ ವಾಪಸ್ ಕೊಡ್ತಾರಪ್ಪ. ಸಾಲದಾ?"

ಪೊಲೀಸಿನವನು ನಕ್ಕ. ನನಗೆ ನಗು ಬರಲಿಲ್ಲ. ತರಕಾರಿ ಮಾರುವವನು ಬದನೆಕಾಯಿಯ ಚರಿತ್ರೆ ಹೇಳಲು ಶುರು ಮಾಡಿದರೆ ನಾವು ತಕ್ಕಡಿ ಕಡೆ ನೋಡಬೇಕು. ನಾನು ಅವರ ಕೈಯನ್ನೇ ನೋಡುತ್ತಿದ್ದೆ.

ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಸದರಿ ಅವಧಿಯಲ್ಲಿ ಯಾರ ಮೇಲೂ ಕೈ ಮಾಡುವುದಿಲ್ಲವೆಂದೂ, ಯಾರ ಸ್ವತ್ತಿಗೂ ಕೇಡು ಮಾಡುವುದಿಲ್ಲವೆಂದೂ, ಸ್ಥಿರಬುದ್ಧಿಯಿಂದ, ಸ್ವಸಂತೋಷದಿಂದ ಬರೆಸಿಕೊಟ್ಟ ಮುಚ್ಚಳಿಕೆ.

"ಸ್ವಸಂತೋಷ ತೆಗೀರಿ. ನನಗೆ ಯಾವ ಸಂತೋಷಾನೂ ಇಲ್ಲ."

"ನಿನಗಿಲ್ದಿದ್ರೆ ಬೇಡ, ಕಾಗದಕ್ಕಿರಲಿ."

"ಸ್ಥಿರಬುದ್ಧೀನೂ ಅನುಮಾನ" ಎಂದ ಪೊಲೀಸಿನವನು.

ಸಿಟ್ಟಿಗೆ ಕೈ ನಡುಗುತ್ತಿತ್ತು. ಅವರು ತೋರಿಸಿದ ಕಡೆ ಸಹಿ ಹಾಕಿದೆ. ಹಾಕಿದ ಮೇಲೆ ಕಂಡಿತು: ನನ್ನ ಸಹಿಯ ಕೆಳಗೆ ನಾಲ್ಕು ಬೆರಳು ಜಾಗ, ಅದರ ಕೆಳಗೆ ಅವರ ರುಜು. ನಡುವಿನ ಜಾಗಕ್ಕೆ ಗೆರೆ ಇಲ್ಲ.

"ಇಲ್ಲಿ ಯಾಕ್ರೀ ಗೆರೆ ಎಳೀಲಿಲ್ಲ?"

"ಅದು ಆಮೇಲೆ. ನಿಂದಾಯ್ತಲ್ಲ, ನಡಿ."

ಪೊಲೀಸಿನವನು ನನ್ನನ್ನು ಒಳಗಿನ ಬೆಂಚಿಗೆ ಕೂರಿಸಿದ. ಗೋಡೆ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತಿತ್ತು. ಭಾವನ ಸುಳಿವಿಲ್ಲ. ಐದಕ್ಕೆ ಹತ್ತಾಯಿತು. ಆಮೇಲೆ ಅಡ್ಡಗೆರೆ ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದದ್ದು ಕಂಡಿತು. ಐದು ಹೊಡೆಯುವ ಹೊತ್ತಿಗೆ ನನಗೆ ಹೋಗು ಎಂದರು. ಹೊರಗೆ ಬಂದರೆ ಗೇಟಿನ ಹತ್ತಿರ ಭಾವ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದರು.

"ಎಲ್ಲ ಮುಗಿಸಿದೆ ಕಣಯ್ಯ, ನಡಿ ಮನೆಗೆ" ಎಂದರು.

ನಡುರಸ್ತೆಯಲ್ಲೇ ಅವರ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡೆ. ಒಂದು ಮಾತು ಕೇಳಿದೆ: "ಭಾವ, ನೀವು ಸಹಿ ಹಾಕಿದ್ದು ನನ್ನ ಸಹಿ ಕೆಳಗಾ?" ಭಾವ ಮತ್ತೆ ಕುತ್ತಿಗೆ ಒರೆಸಿಕೊಂಡು, "ಇಲ್ಲಪ್ಪ. ನನಗೆ ಬೇರೆ ಕಾಗದ ಕೊಟ್ರು" ಎಂದರು.

ಅಲ್ಲಿಗೆ ಮುಳ್ಳು ನಾಟಿತು. ಜಾಮೀನಿನ ಸಹಿ ಬೇರೆ ಕಾಗದಕ್ಕಾದರೆ ನನ್ನ ಕಾಗದದ ಖಾಲಿ ಜಾಗಕ್ಕೆ ಏನು ಬಂತು?

ಮೊದಮೊದಲು ಮನಸ್ಸು ಎತ್ತೆತ್ತಲೋ ಓಡಿತು. ಬಡಗಿಯ ಖರ್ಚಿಗೆ ನಾನೇ ಹೊಣೆ ಎಂದು ಬರೆದಿರಬಹುದು. ಶೆಡ್ಡಿನ ಸಮಯ ಕಡಿಮೆ ಮಾಡಲು ಒಪ್ಪಿದ್ದೇನೆ ಎಂದು ಬರೆದಿರಬಹುದು. ಕೆಲಸ ಮಾಡುತ್ತ ಕೂತಾಗ, ಮುಖಕ್ಕೆ ಕಪ್ಪು ಗಾಜು ಹಿಡಿದಾಗ, ಆ ನಾಲ್ಕು ಬೆರಳು ಜಾಗ ಕಣ್ಣೆದುರು ಬರುತ್ತಿತ್ತು. ಕಚೇರಿ ಕಡೆ ಹೋದಾಗಲೆಲ್ಲ ಮೆಟ್ಟಿಲ ಕೆಳಗೆ ಇಣುಕುತ್ತಿದ್ದೆ. ಅವರು ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದರು. ತಪ್ಪಿಲ್ಲದವನು ಯಾಕೆ ತಲೆ ತಗ್ಗಿಸುತ್ತಾನೆ? ಒಮ್ಮೆ ಬಡಗಿ ಅವರ ಹಲಗೆಯ ಮುಂದೆ ಕೂತದ್ದು ಕಂಡೆ. ಆ ದಿನ ನನಗೆ ಊಟ ಸೇರಲಿಲ್ಲ.

ಹತ್ತು ತಿಂಗಳಾಗುತ್ತ ಬಂದಾಗ ಬಡಗಿ ಓಣಿ ಕಡೆಯ ಗೋಡೆ ಒಡೆದು ಒಂದು ಬಾಗಿಲು ಇಟ್ಟ. ಹೊರಕ್ಕೆ ತೆರೆಯುವ ಬಾಗಿಲು. ತೆರೆದರೆ ಓಣಿಗೆ ಅಡ್ಡ ನಿಲ್ಲುತ್ತದೆ, ಪೈಪು ಬರಬೇಕಾದರೆ ಅವನ ಅಪ್ಪಣೆ ಬೇಕು.

"ಇದಕ್ಕೆ ಯಾರಪ್ಪ ಒಪ್ಪಿಗೆ ಕೊಟ್ಟೋರು?" ಎಂದೆ.

"ಏನು, ಹೊಡೀತೀಯಾ? ಹೊಡಿ ನೋಡೋಣ. ಮೊದಲು ಹೋಗಿ ನಿನ್ನ ಕಾಗದ ಓದಿಸ್ಕೊಂಡು ಬಾ" ಎಂದ.

ಈಗ ಹೇಳಿ. ಕಾಗದದಲ್ಲಿ ಓಣಿಯ ಮಾತು ಇದೆ ಅಂತ ತಾನೇ ಇದರ ಅರ್ಥ? ನೆಟ್ಟಗೆ ಮೆಟ್ಟಿಲ ಕೆಳಗೆ ಹೋದೆ.

"ಯಜಮಾನ್ರೇ, ಆ ಖಾಲಿ ಜಾಗದಲ್ಲಿ ಏನು ಬರೆದ್ರಿ?"

"ಇರಬೇಕಾದ್ದು ಇದೆ."

"ಅದೇ, ಏನು ಇರಬೇಕಾದ್ದು?"

"ನಿನಗೆ ಕೆಟ್ಟದ್ದಲ್ಲ. ವರ್ಷ ಮುಗೀಲಿ, ಇನ್ನೆರಡು ತಿಂಗಳು. ಆಮೇಲೆ ಬಾ, ನಾನೇ ಹೇಳ್ತೀನಿ. ಈಗ ಹೋಗು, ಜನ ನೋಡ್ತಾರೆ."

"ಜನ ನೋಡಿದ್ರೆ ನಿಮಗೇನ್ರೀ ಭಯ?"

ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಎಷ್ಟು ತಿಂದಿರಬಹುದು ಎಂದು ನಾನು ಆ ಪೆಟ್ಟಿಗೆಯನ್ನು ನೋಡಿದೆ. ತಿರುಗಿ ಬಂದವನೇ ಗಡಾರಿ ತಗೊಂಡು ಬಡಗಿಯ ಬಾಗಿಲನ್ನು ಕೀಲಿನ ಸಮೇತ ಕಿತ್ತು ರಸ್ತೆಗೆ ಎಸೆದೆ. ತಡೆಯಲು ಬಂದವನ ಕನ್ನಡಕ ಚೂರಾಯಿತು. ಮುಚ್ಚಳಿಕೆ ಹತ್ತು ತಿಂಗಳಿಗೆ ಮುರಿಯಿತು.

ಬಟ್ಟೆಗಂಟು ಕಟ್ಟಿಕೊಂಡು, ಯಾರಾದರೂ ಕರೆದುಕೊಂಡು ಹೋಗಲು ಬರುತ್ತಾರೆ ಎಂದು ಕೂತೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಅದೇ ಪೊಲೀಸಿನವನು ಬಂದು, "ಗಂಟು ಬಿಚ್ಚಯ್ಯ. ನಿನ್ನ ಜಾಮೀನುದಾರ ಬಂದು ನಿಂತು ರಾಜಿ ಮಾಡಿಸಿದಾರೆ. ಪುಣ್ಯ ಮಾಡಿದ್ದೆ" ಎಂದು ಹೋದ. ಭಾವನನ್ನು ಮನೆಗೆ ಕರೆಸಿ ಮಣೆ ಹಾಕಿ ಊಟಕ್ಕೆ ಕೂರಿಸಿದೆ. ಭಾವ ಎರಡು ಸಲ ಬಡಿಸಿಕೊಂಡು, "ಏನೋ, ನನ್ನ ತಂಗಿ ಮುಖ ನೋಡಿ" ಎಂದರು. ಬಡಗಿ ಬಾಗಿಲನ್ನು ಮತ್ತೆ ಇಟ್ಟ, ಈ ಸಲ ಒಳಕ್ಕೆ ತೆರೆಯುವ ಹಾಗೆ. ಗಡಾರಿಗೆ ಹೆದರಿದ ಎಂದುಕೊಂಡೆ.

ಆಮೇಲೆ ಕಚೇರಿ ಕಡೆ ಹೋದಾಗ ನೋಡಿದರೆ ಮೆಟ್ಟಿಲ ಕೆಳಗೆ ನಾಲ್ಕು ಇಟ್ಟಿಗೆ ಮಾತ್ರ ಇದ್ದವು. ಹಲಗೆ ಇಲ್ಲ, ಪೆಟ್ಟಿಗೆ ಇಲ್ಲ. ಟೀ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾನೇ ಹೇಳಿದೆ. "ನನಗೆ ಗೊತ್ತು. ಖಾಲಿ ಜಾಗ ಬಿಟ್ಟು ಸಹಿ ಹಾಕಿಸ್ಕೊಂಡು, ಆಮೇಲೆ ತುಂಬಿಸ್ಕೊಳ್ಳೋ ಕಸುಬು. ಸಿಕ್ಕಿಬಿದ್ದ, ಓಡಿದ." ಒಬ್ಬ, "ಅಡ್ಡಗೆರೇನಾ? ಛೆ" ಎಂದ. ಇನ್ನೊಬ್ಬ, "ಅದಕ್ಕೇ ಊರಿಗೆಲ್ಲ ಗೆರೆ ಎಳೀತಿದ್ದ ಅನ್ನು. ಕಳ್ಳನಿಗೆ ತಾನೇ ಕಳ್ಳನ ದಾರಿ ಗೊತ್ತಿರೋದು" ಎಂದ. ಒಂದು ವಾರದಲ್ಲಿ ಆ ಮಾತು ಸಂತೆ ಸುತ್ತಿ ನನ್ನ ಕಿವಿಗೇ ಹೊಸ ಸುದ್ದಿಯಾಗಿ ವಾಪಸು ಬಂತು. ನನಗೆ ಖುಷಿಯಾಗಿತ್ತು.

ಹನ್ನೊಂದು ವರ್ಷ ಹೀಗೆ ಹೋಯಿತು. ಪ್ರತಿ ಸಲ ಭಾವ ಬಂದಾಗ "ಅವತ್ತು ನಾನಿಲ್ದಿದ್ರೆ" ಎನ್ನುವುದು, ಪ್ರತಿ ಸಲ ನಾನು ತಲೆ ಬಾಗಿಸುವುದು.

ಆಮೇಲೆ ಕಚೇರಿಯ ಹಳೇ ದಾಖಲೆಗಳ ಕೋಣೆಗೆ ಕಬ್ಬಿಣದ ರ‍್ಯಾಕು ಮಾಡುವ ಕೆಲಸ ನನಗೆ ಬಂತು. ಕಾಗದದ ಕೋಣೆಯಲ್ಲಿ ಬೆಂಕಿ ತರುವ ಹಾಗಿಲ್ಲ, ಎಲ್ಲ ನಟ್ಟು ಬೋಲ್ಟು. ಒಂಬತ್ತು ದಿನ ಅಲ್ಲಿದ್ದೆ. ಕೆಂಪು ಬಟ್ಟೆ ಕಟ್ಟಿದ ಗಂಟುಗಳ ಮೇಲೆ ವರ್ಷ ಬರೆದಿತ್ತು. ವರ್ಷ ಓದಲು ನನಗೆ ಬರುತ್ತದೆ. ದಾಖಲೆ ನೋಡಿಕೊಳ್ಳುವ ಅಮ್ಮನನ್ನು ಕೇಳಿದೆ.

"ಹಳೇ ಕಾಗದ ಕೇಳೋರೆಲ್ಲ ಹೊಸ ಜಗಳಕ್ಕೇ ಕೇಳೋದು" ಎಂದರು ಆಕೆ.

"ನಿಮ್ಮ ಏಣಿ ಅಲ್ಲಾಡತ್ತಲ್ಲ ಅಮ್ಮ, ಅದನ್ನ ಸರಿ ಮಾಡಿಕೊಡ್ತೀನಿ."

ಏಣಿ ನಿಂತಿತು, ಗಂಟು ಬಿಚ್ಚಿತು.

ನನ್ನ ಕಾಗದವನ್ನು ಕಿಟಕಿ ಹತ್ತಿರ ಒಯ್ದು ಬೆರಳಿಟ್ಟು ಓದಿದೆ. ಮೊದಲು ಓಣಿ ಎಂಬ ಮಾತು ಹುಡುಕಿದೆ. ಎಲ್ಲೂ ಇಲ್ಲ. ಶೆಡ್ಡು ಇಲ್ಲ. ಬಾಗಿಲು ಇಲ್ಲ. ನನ್ನ ಸಹಿಯ ಕೆಳಗೆ, ನಾಲ್ಕು ಬೆರಳು ಜಾಗದಲ್ಲಿ, ಎರಡು ಸಾಲು. ಅದನ್ನು ಓದಲು ಆ ಅಮ್ಮನೇ ಬೇಕಾಯಿತು: "ಮೇಲ್ಕಂಡವನ ನಡತೆಗೂ, ಕರೆದಾಗ ಅವನನ್ನು ಹಾಜರುಪಡಿಸುವುದಕ್ಕೂ ನಾನು ಜಾಮೀನು." ಕೆಳಗೆ ಒಂದು ಸಹಿ. ಅದರ ಕೆಳಗೆ ಬಿಕಲಂ, ಅಂದರೆ ಕಾಗದ ಬರೆದವರ ರುಜು. ಎರಡೂ ಒಂದೇ ಸಹಿ. ಎರಡರ ನಡುವೆ ಉಳಿದಿದ್ದ ಬೆರಳಗಲ ಜಾಗಕ್ಕೆ ಅಂಚಿನವರೆಗೆ ಗೆರೆ.

ಹಿಂದೆ ಇನ್ನೊಂದು ಹಾಳೆ ಪೋಣಿಸಿತ್ತು. ಅದನ್ನೂ ಓದಿ ಹೇಳಿದರು. ಕಾಗದ ಬರೆಯುವವರು ತಾವು ಬರೆದ ಕಾಗದಕ್ಕೆ ತಾವೇ ಜಾಮೀನು ನಿಲ್ಲುವುದು ನಿಯಮಕ್ಕೆ ವಿರೋಧ. ಜಾಮೀನುದಾರನನ್ನು ಕರೆಸಿದಾಗ ಈ ಸಂಗತಿ ಬೆಳಕಿಗೆ ಬಂದಿರುವುದರಿಂದ ಪರವಾನಗಿ ರದ್ದು.

"ಯಾರಿವರು? ನಿಮ್ಮ ಸಂಬಂಧಿಕರಾ?" ಎಂದರು ಆಕೆ.

ಹನ್ನೊಂದು ವರ್ಷ ಭಾವನಿಗೆ ಕೊಟ್ಟ ಬಹುವಚನವನ್ನು ಅಲ್ಲೇ ಕಿಟಕಿ ಹತ್ತಿರ ಕಿತ್ತು ಅಡ್ಡಗೆರೆಯವರಿಗೆ ಕೊಟ್ಟೆ.

ಆ ಹಾಳೆಯಲ್ಲಿದ್ದ ವಿಳಾಸ ಹಿಡಿದು ಹೋದೆ. ಪುಸ್ತಕ ಕಟ್ಟುವ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಮೆಟ್ಟಿಲೆಲ್ಲ ಗೋಂದಿನ ವಾಸನೆ. ಬಾಗಿಲು ತೆಗೆದ ಮಗಳಿಗೆ ನಲವತ್ತರ ಹತ್ತಿರ. ನಾನು ಯಾರೆಂದು ಹೇಳಿದೆ. ಆಕೆ ದಾರಿ ಬಿಡಲಿಲ್ಲ.

"ಓಹೋ. ಟೀ ಅಂಗಡೀಲಿ ಮಾತಾಡಿದೋರು ನೀವೇನಾ? ಇನ್ನೂ ಏನು ಬಾಕಿ ಇದೆ ಅಂತ ಬಂದ್ರಿ?"

"ಯಾರಮ್ಮ?" ಎಂದು ಒಳಗಿಂದ ದನಿ ಬಂತು. "ಕಿಡೀನಾ? ಮೆಟ್ಟಿಲು ಹತ್ತಿದ ಸದ್ದಲ್ಲೇ ಅಂದ್ಕೊಂಡೆ. ಬಿಡು, ಬರಲಿ."

ಬಹಳ ಇಳಿದುಹೋಗಿದ್ದರು. ಪರವಾನಗಿ ಹೋದ ಮೇಲೆ ಕೆಳಗಿನ ಅಂಗಡಿಯಲ್ಲೇ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವ ಕೆಲಸ ಮಾಡಿದರಂತೆ, ಕಣ್ಣು ಮಂಜಾಗುವವರೆಗೆ. ಬರೆಯುವ ಬೆರಳುಗಳ ಚರ್ಮ ಗೋಂದಿಗೆ ಬಿರಿದು ಹಲಗೆಯ ಹಾಗಾಗಿತ್ತು.

"ಆ ಮೂಲೇಲಿ ಕೂತ್ಕೋ" ಎಂದರು. "ಬಾಗಿಲು ನನ್ನ ಕಡೆಗಿರಲಿ. ನಿನ್ನ ಕೈ ನಂಬೋ ಹಾಗಿಲ್ಲ."

ಕೂತೆ. "ಯಾಕೆ ಮಾಡಿದ್ರಿ ಹಾಗೆ?"

"ಐದಕ್ಕೆ ಎಂಟು ನಿಮಿಷ ಇತ್ತು. ನಿನ್ನ ಭಾವ ಬರಲಿಲ್ಲ. ಕಾಗದ ಬರೆದಾಗಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಒಂದು ಕಾಗದಾನೂ ವಾಪಸ್ ಬಂದಿರಲಿಲ್ಲ. ನಿನ್ನ ಭಾವನ ದೆಸೆಯಿಂದ ಬರಬೇಕಿತ್ತಾ?"

"ಅಂದ್ರೆ ನನಗೋಸ್ಕರ ಅಲ್ಲ?"

"ನೀನು ಯಾರಯ್ಯ ನನಗೆ?"

"ಸುಳ್ಳು" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಅವತ್ತು ಮನೆಗೆ ಬಂದು ಅಮ್ಮನ ಹತ್ರ ಹೇಳಿದ್ದು ನನಗೆ ನೆನಪಿದೆ. ಸಹಿ ಹಾಕೋವಾಗ ಅವನ ಕೈ ನಡುಗ್ತಿತ್ತು ಕಣೆ, ಅಷ್ಟು ಹೆದರಿದೋನು ಮತ್ತೆ ಕೈ ಎತ್ತಲ್ಲ, ಅಂದ್ರು. ಸಾವಿರಾರು ಸಹಿ ನೋಡಿದ್ದೀನಿ, ಕೈ ನೋಡಿದ್ರೆ ಆಳು ತಿಳಿಯತ್ತೆ, ಅಂದ್ರು."

ನಾನು ಸುಮ್ಮನಿರಬಹುದಿತ್ತು. "ಅದು ಹೆದರಿಕೆ ಅಲ್ಲ" ಎಂದೆ. "ಸಿಟ್ಟು."

ಅಡ್ಡಗೆರೆ ಬಿರಿದ ಬೆರಳುಗಳನ್ನು ಒಂದೊಂದಾಗಿ ಸವರಿಕೊಂಡರು. ಆಮೇಲೆ, "ಎರಡಕ್ಕೂ ಗೆರೆ ಒಂದೇ ಥರ ಬರತ್ತೆ ಅನ್ನು" ಎಂದರು.

"ನನಗೆ ಹೇಳಬಹುದಿತ್ತಲ್ಲ?" ಎಂದೆ. ದನಿ ಎತ್ತರಿಸಿದೆ ಎಂದು ಆಮೇಲೆ ತಿಳಿಯಿತು. "ಒಂದು ಮಾತು. ಒಂದೇ ಮಾತು."

"ನಿನಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ಆ ಸಂಜೇನೇ ನನ್ನ ಚೀಟಿ ಹೋಗ್ತಿತ್ತು. ಸಾಹೇಬರಿಗೂ ಐದರ ಅವಸರ, ಎರಡು ಸಹಿ ಒಂದೇ ಅಂತ ನೋಡಲಿಲ್ಲ. ವರ್ಷ ಸುಮ್ಮನೆ ಕಳೆದಿದ್ರೆ ಕಾಗದ ಗಂಟಲ್ಲಿ ಮಲಗ್ತಿತ್ತು. ನೀನು ಎಬ್ಬಿಸಿದೆ. ನನ್ನ ಕರೆಸಿದ್ರು. ಮೂರು ದಿನ ನಿಂತೆ. ಬಾಗಿಲು ಒಳಕ್ಕೆ ತೆಗಿ, ನಿನ್ನ ಮರಕ್ಕೂ ಕ್ಷೇಮ ಅಂತ ಬಡಗೀನ ಒಪ್ಪಿಸಿದೆ. ಅಷ್ಟರಲ್ಲಿ ಶಿರಸ್ತೇದಾರರು ಕಾಗದ ಬೆಳಕಿಗೆ ಹಿಡಿದ್ರು."

ಜಾಮೀನಿನಲ್ಲೂ ಬಗೆ ಉಂಟಂತೆ, ಹೇಳಿದರು. ಹಣಕ್ಕೆ ನಿಲ್ಲುವುದು ಮಾಲ್ ಜಾಮೀನು. ಕರೆದಾಗ ಆಳನ್ನು ತಂದು ನಿಲ್ಲಿಸುವುದು ಹಾಜರ್ ಜಾಮೀನು. ಮೂರನೆಯದು ನಡತೆಗೆ ನಿಲ್ಲುವುದು. "ಮೊದಲ ಎರಡಕ್ಕೆ ಯಾರು ಬೇಕಾದ್ರೂ ನಿಲ್ತಾರೆ. ಮೂರನೇದಕ್ಕೆ ಬುದ್ಧಿ ಇರೋರು ನಿಲ್ಲಲ್ಲ."

"ತಪ್ಪಾಯ್ತು ಅನ್ನೋಕೆ ಬಂದೆ ಯಜಮಾನ್ರೇ."

"ಅವತ್ತೇ ಹೇಳಿದ್ದೆ, ಅದನ್ನ ನಾನು ಬರೆಯಲ್ಲ ಅಂತ. ಅದು ಹಿಂದಾದದ್ದಕ್ಕೆ. ನಾನು ನಿಂತಿದ್ದು ಒಂದು ವರ್ಷಕ್ಕೆ. ನೀನು ನಡೆಸಿದ್ದು ಹತ್ತು ತಿಂಗಳು. ಎರಡು ತಿಂಗಳು ಬಾಕಿ ಇದೆ ನಿನ್ನ ಕಡೆಯಿಂದ. ಅರವತ್ತು ದಿನ. ಕೈ ಎತ್ತೋ ಹಾಗಿಲ್ಲ, ಸಾಮಾನು ಎಸೆಯೋ ಹಾಗಿಲ್ಲ. ಒಟ್ಟಿಗೆ ಅರವತ್ತು ಆಗಬೇಕು, ಬಿಡಿಬಿಡಿ ಇಲ್ಲ. ಆದ ದಿನ ಬಾ. ಆ ಕಾಗದ ಮುಗೀತು ಅಂತ ನಾನೇ ಗೆರೆ ಎಳೀತೀನಿ."

"ಬರೆದುಕೊಡಲಾ?"

"ಬೇಡ. ನಿನ್ನ ಸಹಿ ನೋಡಿ ಒಂದು ಸಲ ಮೋಸ ಹೋದೆ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಸೌಟು ತೊಳೆಯುತ್ತ, "ಅಣ್ಣ ಅವತ್ತು ಅಷ್ಟೊತ್ತಿಗೆ ಹೋಗಿರೋಕೆ ಸಾಧ್ಯ ಇಲ್ಲ ಅಂತ ನನಗೆ ಆವಾಗ್ಲೇ ಅನುಮಾನ ಇತ್ತು" ಎಂದಳು.

"ಮತ್ತೆ ಹೇಳಬಾರದಿತ್ತೇನೆ?"

"ಹೇಳಿದ್ರೆ ನೀವು ಹೋಗಿ ಅವನ ಹಲ್ಲು ಉದುರಿಸ್ತಿದ್ರಿ. ಇದ್ದೋನು ಒಬ್ಬ ಅಣ್ಣ."

ಟೀ ಅಂಗಡಿಗೂ ಹೋಗಿ ಎಲ್ಲರೆದುರು ಹೇಳಿದೆ: ಅಡ್ಡಗೆರೆ ಕಳ್ಳರಲ್ಲ, ನನ್ನ ನಾಲಿಗೆ ತಪ್ಪು. ಅರ್ಧ ಜನಕ್ಕೆ ಅಡ್ಡಗೆರೆ ಯಾರೆಂದೇ ನೆನಪಿಲ್ಲ. ನೆನಪಿದ್ದವನೊಬ್ಬ ಕಣ್ಣು ಕಿರಿದು ಮಾಡಿ, "ಈಗ ಯಾಕೆ ಈ ಮಾತು? ನಿನಗೇನು ಸಿಕ್ತು ಅವರ ಕಡೆಯಿಂದ?" ಎಂದ. ಎದ್ದು ಬಂದೆ. ಅದು ಅರವತ್ತರಲ್ಲಿ ಒಂಬತ್ತನೇ ದಿನ. ಇನ್ನೊಂದು ಗಳಿಗೆ ಕೂತಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಶೆಡ್ಡಿನ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ದಿನಕ್ಕೊಂದು ಗೀಟು ಹಾಕಿದೆ. ಹತ್ತೊಂಬತ್ತಕ್ಕೆ ಒಮ್ಮೆ ಅಳಿಸಿದೆ, ತೂಕದಲ್ಲಿ ಮೋಸ ಮಾಡಿದ ಗುಜರಿಯವನ ಕೊರಳಪಟ್ಟಿ ಹಿಡಿದೆ. ಮೂವತ್ತಮೂರಕ್ಕೆ ಒಮ್ಮೆ, ಯಾಕೆಂದು ಹೇಳಲು ನಾಚಿಕೆ. ಮೂರನೇ ಸಲ ಗೀಟು ಏರುತ್ತ ಹೋದವು. ನಲವತ್ತು, ಐವತ್ತು, ಐವತ್ತೆಂಟು. ಐವತ್ತೆಂಟನೇ ದಿನ ಭಾವ ಬಂದ. ನನ್ನ ಮಗಳನ್ನು ನೋಡಲು ಬಂದಿದ್ದ ಗಂಡಿನವರ ಮುಂದೆ ಕಾಲು ಚಾಚಿ ಕೂತು, "ನಮ್ಮ ಭಾವಮೈದ ಈಗ ಹೀಗೆ ಮೆತ್ತಗಿದ್ದಾನೆ. ಅವತ್ತು ನಾನಿಲ್ದಿದ್ರೆ ಕಂಬಿ ಎಣಿಸ್ತಿದ್ದ" ಎಂದ.

ನನ್ನ ಕೈಯಲ್ಲಿ ಟೀ ಗ್ಲಾಸಿತ್ತು. ಅವನಿಗೆ ಎಸೆಯಲಿಲ್ಲ. ಗೋಡೆಗೆ ಎಸೆದೆ.

ಮಾರನೇ ದಿನ ಬೆಳಿಗ್ಗೆಯೇ ಗೋಂದಿನ ಮೆಟ್ಟಿಲು ಹತ್ತಿದೆ. ಗೋಡೆ ನನ್ನದು, ಗ್ಲಾಸು ನನ್ನದು, ಮನುಷ್ಯರಿಗೆ ತಾಗಿಲ್ಲ, ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ವಾದ ಮಾಡಲು. ಅವರು ಹಾಸಿಗೆ ಹಿಡಿದಿದ್ದರು. ಎಲ್ಲ ಕೇಳಿಸಿಕೊಂಡರು.

"ಗ್ಲಾಸು ಒಡೀತಾ?"

"ಒಡೀತು."

"ಹಾಗಾದ್ರೆ ಒಂದರಿಂದ ಶುರು ಮಾಡು."

ಆ ಸಲದ ಇಪ್ಪತ್ತಮೂರನೇ ಗೀಟಿನ ದಿನ ಅವರು ಹೋದರು. ನನ್ನ ತನಕ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎನ್ನದೆ ಕೇಳಿದಳು: "ಎಷ್ಟಾಗಿತ್ತು?" ಹೇಳಿದೆ. "ಅವರೂ ಕೇಳ್ತಾ ಇದ್ರು" ಎಂದಳು.

ಅರವತ್ತಾದರೂ ಇನ್ನು ಗೆರೆ ಎಳೆಯುವವರಿಲ್ಲ. ಆದರೂ ಸೀಮೆಸುಣ್ಣ ಬಿಟ್ಟಿಲ್ಲ. ಒಮ್ಮೆ ನಲವತ್ತಾರಕ್ಕೆ ಬಂದಿತ್ತು. ಎರಡು ವಾರದ ಹಿಂದೆ ಬಡಗಿ ಮತ್ತೆ ಓಣಿಯಲ್ಲಿ ಹಲಗೆ ಇಟ್ಟ, ನಾನು ಮತ್ತೆ ಒಂದರಿಂದ ಶುರು ಮಾಡಿದೆ. ಇವತ್ತಿಗೆ ಹನ್ನೆರಡು.